ಪೆಡಲ್ ಮೇಲಿನ ಕಾಲು

ಒಂದೇ ಪಿಯಾನೋಗೆ ಇಬ್ಬರು ಕೂತರೆ, ಕಾಲಲ್ಲಿ ಒತ್ತುವ ಪೆಡಲ್ ಎಡಗಡೆಯವರ ಪಾಲು. ಸ್ವರಕ್ಕೆ ಸ್ವರ ಬೆಸೆದು, ಬೆರಳುಗಳ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವ ಕೆಲಸ ಅದು. ಚಿಕ್ಕಂದಿನಿಂದ ಅಕ್ಕನ ಜಾಗ ಅದೇ. ಬಲಗಡೆ, ರಾಗ ಹರಿಯುವ ಕಡೆ, ತಮ್ಮ. ಅಪ್ಪ ಮೇಷ್ಟರ ಬಳಿ ಕಳಿಸಿದ್ದು ಅವನೊಬ್ಬನನ್ನೇ. ಅವಳು ಕಲಿತದ್ದು ಅವನ ಪಾಠ ಒಪ್ಪಿಸಿಕೊಳ್ಳುತ್ತಾ.

ಈಗ ಇಬ್ಬರೂ ಒಂದೇ ಸಂಗೀತಶಾಲೆಯಲ್ಲಿ ಶಿಕ್ಷಕರು. ತರಗತಿಯಲ್ಲಿ ತಮ್ಮ ಶೋಪಾನ್‌ನ ಕೃತಿಗಳೆಂದರೆ ಪ್ರಾಣ ಬಿಡುತ್ತಿದ್ದ. ವೇದಿಕೆಯಲ್ಲಿ ಮಾತ್ರ ಒಬ್ಬನೇ ಕೂರುತ್ತಿರಲಿಲ್ಲ. ಅಕ್ಕನಿಗೂ ಒಂದು ಅವಕಾಶ ಸಿಗಲಿ ಎನ್ನುತ್ತಿದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನುಡಿಸುತ್ತಾನೆಂದು ಜನ ಹೊಗಳಿದರೆ, ಅದು ತನ್ನ ಬೆರಳಿನ ಗುಣವೆಂದೇ ನಂಬಿದ್ದ. ಅಕ್ಕನಿಗೆ ಶೂಬರ್ಟ್ ಇಷ್ಟ. ಇಬ್ಬರು ನುಡಿಸಲೆಂದು ಬರೆದ ಕೃತಿಗಳಲ್ಲಿ ಎಡಗಡೆ ಕೂತವರಿಗೂ ಆ ಸಂಗೀತಗಾರ ನಾಲ್ಕು ಮಾತು ಬಿಟ್ಟಿದ್ದಾನಲ್ಲ, ಅದಕ್ಕೆ.

ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದರು. ಅಕ್ಕನ ಬಗ್ಗೆ ಸಮಿತಿ ಕೇಳಿದಾಗ ತಮ್ಮ, ಅವಳದ್ದು ಬರೀ ಒತ್ತಾಸೆ, ಒಬ್ಬಳೇ ಕೂತರೆ ಏನೂ ಇಲ್ಲ ಎಂದನಂತೆ. ಅವಳು ನೇರವಾಗಿ ಕೇಳಿಯೇಬಿಟ್ಟಳು. ಅವನು ನಕ್ಕ.

"ಬೇಜಾರು ಮಾಡ್ಕೋಬೇಡ ಕಣೇ ಅಕ್ಕ. ಬೆಥೋವನ್‌ನ ಸಂಗೀತ ಎತ್ತೋಕೆ ಗಂಡಸಿನ ತೋಳೇ ಬೇಕು."

ಅಕ್ಕ ಹೂಂ ಎಂದಳು, ಅಷ್ಟೇ.

ಆಯ್ಕೆಯ ದಿನವೂ ಎಂದಿನಂತೆ ಇಬ್ಬರೂ ಒಂದೇ ಪಿಯಾನೋಗೆ ಕೂತರು; ಸಮಿತಿಯವರು ಮುಂದಿನ ಸಾಲಿನಲ್ಲಿದ್ದರು. ಶೂಬರ್ಟನ ಕೃತಿಯ ನಿಧಾನದ ಭಾಗ ಬಂತು. ರಾಗವೆಲ್ಲ ತಮ್ಮನದೇ. ಅಕ್ಕ ಪೆಡಲ್‌ನಿಂದ ಕಾಲು ತೆಗೆದು ನೆಲದ ಮೇಲಿಟ್ಟಳು.

ರಾಗ ಒಣಗಿ ಚೂರುಚೂರಾಯಿತು. ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಗುಂಡಿಗಳು. ಮುಂದಿನ ಸಾಲಿನಲ್ಲಿ ಒಬ್ಬರು ತಲೆಯೆತ್ತಿದರು.

"ಅಕ್ಕಾ, ಪೆಡಲ್," ಅವನು ಪಿಸುಗುಟ್ಟಿದ.

"ನಂದು ಬರೀ ಒತ್ತಾಸೆ ಅಲ್ವೇನೋ? ನುಡಿಸು ನೀನು."

ಅವನು ತನ್ನ ಕಾಲು ಚಾಚಿದ. ಅಡ್ಡವಿದ್ದ ಮೊಣಕಾಲನ್ನು ಅವಳು ಸರಿಸಲಿಲ್ಲ. ಬೆರಳು ಜಾರಿತು, ಮತ್ತೆ ಜಾರಿತು, ಅವನು ಕೈ ಎತ್ತಿಬಿಟ್ಟ. ಅಕ್ಕ ಮಾತ್ರ ತನ್ನ ಪಾಲನ್ನು, ರಾಗವಿಲ್ಲದ ಆ ಬೋಳು ಕೆಳಸ್ವರಗಳನ್ನು, ಕೊನೆಯವರೆಗೂ ನುಡಿಸಿದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಹುದ್ದೆ ಇಬ್ಬರಿಗೂ ಇಲ್ಲ ಎಂದಿತು ಸಮಿತಿ. ಕೇಳಲು ಬಂದಿದ್ದ ಅಮ್ಮ ಮೊಗಸಾಲೆಯಲ್ಲಿ ಅಕ್ಕನನ್ನು ತಡೆದಳು.

"ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೆದೆಯಲ್ಲೇ. ನಿನಗೇನು ಸಿಕ್ತು?"

"ನನಗೆ ಕೊಡಲ್ಲ ಅಂತ ಗೊತ್ತಿತ್ತಮ್ಮ. ನನ್ನ ತುಳಿದು ಅವನು ಹತ್ತಬಾರದು, ಅಷ್ಟೇ."

ಪಕ್ಕದ ಕೋಣೆಯಲ್ಲಿ ತಮ್ಮ ಬಿಕ್ಕುತ್ತಿದ್ದ. ಅಮ್ಮ ಒಳಗೆ ಓಡಿದಳು. ಅಕ್ಕ ಗೋಡೆಗೊರಗಿ, ಕಣ್ಣು ಮುಚ್ಚಿ, ಅವನ ಅಳು ನಿಲ್ಲುವವರೆಗೂ ಕೇಳಿಸಿಕೊಂಡಳು.