ಬೇವಿನ ಕೆಳಗಿನ ಜಾಳಿಗೆ ಕಪಾಟು

ನಾನು ಜಾಳಿಗೆ ಬಾಗಿಲಿನ ಒಂದು ಕಪಾಟು. ಹಳೇ ಹುಬ್ಬಳ್ಳಿಯ ಮೌನೇಶ ಬಡಿಗೇರ ನನ್ನನ್ನು ಸಾಗವಾನಿಯಲ್ಲಿ ಮಾಡಿದ. ಗಾಳಿ ಆಡಲಿ, ಬೆಕ್ಕು ಬಾಯಿ ಹಾಕದಿರಲಿ ಎಂದು ಬಾಗಿಲಿಗೆ ತಂತಿಯ ಜಾಳಿಗೆ ಹೊಡೆದ. ಇರುವೆ ಹತ್ತದಂತೆ ನನ್ನ ಕಾಲುಗಳನ್ನು ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸಿ ಮನೆಯವರು ನೀರು ತುಂಬಿದರು. ಹಸಿದವುಗಳಿಂದ ಅನ್ನವನ್ನು ಕಾಯುವುದು, ನಾನು ಹುಟ್ಟಿದ್ದೇ ಅದಕ್ಕೆ.

ದಾಕ್ಷಾಯಣಿ ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಫ್ರಿಜ್ ಬಂದ ಮೇಲೆ ಹಿತ್ತಿಲಿಗೆ ಬಿದ್ದೆ. ಸುಣ್ಣದ ಡಬ್ಬ, ಹರಿದ ಗೋಣಿಚೀಲ, ಒಣಗಿದ ಹಲ್ಲಿ ನನ್ನೊಳಗೆ ಬಹಳ ವರ್ಷ ಇದ್ದವು.

ಗಂಡ ತೀರಿಕೊಂಡ ಮೇಲೂ ದಾಕ್ಷಾಯಣಿಯ ಕೈ ಇಬ್ಬರಿಗಾಗುವಷ್ಟೇ ಅಕ್ಕಿ ತೆಗೆಯುತ್ತಿತ್ತು. ಉಳಿದದ್ದು ಗಟಾರಕ್ಕೆ ಹೋಗುತ್ತಿತ್ತು. ಒಂದು ಮುಂಜಾನೆ ಅವಳು ನನ್ನನ್ನು ಎಳೆದು ತಂದು, ತಿಕ್ಕಿ ತೊಳೆದು, ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದಳು. ಬಟ್ಟಲುಗಳಿಗೆ ನೀರು ಹಾಕಿದಳು. ಮೇಲೆ ಬಣ್ಣದಲ್ಲಿ ಬರೆದಳು: 'ಹೆಚ್ಚಾದದ್ದು ಇಡಿ, ಬೇಕಾದದ್ದು ಒಯ್ಯಿರಿ.'

ಓಣಿಯವರು ರೊಟ್ಟಿ, ಪಲ್ಯ, ಚಿತ್ರಾನ್ನ ತಂದಿಟ್ಟರು. ಎದುರು ಮನೆಯ ಪ್ರಮೀಳಾ ಮೊದಲ ದಿನ ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಳು.

"ಹಿಂಗ ಬ್ಯಾಡ ಪ್ರಮೀಳಾ, ಭಿಕ್ಷಾ ಹಾಕಿದಂಗ ಕಾಣತೈತಿ," ಎಂದಳು ದಾಕ್ಷಾಯಣಿ. "ಬೀಗರ ಮನಿಗೆ ಕೊಟ್ಟಂಗ ಡಬ್ಬ್ಯಾಗ ಕೊಡೋಣು."

ಅಂದಿನಿಂದ ಎಲ್ಲ ಬಂದದ್ದು ಹೆಸರು ಕೆತ್ತಿದ ಸ್ಟೀಲ್ ಡಬ್ಬಿಗಳಲ್ಲಿ. ನಾವು ಕೆಟ್ಟದ್ದು ಆ ಮರ್ಯಾದೆಯಿಂದಲೇ.

ಓಣಿಯ ಕೊನೆಯಲ್ಲಿ ಫಕೀರವ್ವ ಇಸ್ತ್ರಿ ಮಾಡುತ್ತಿದ್ದಳು. ಅವಳ ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದ. ಮಡಿಚಿದ ಬಟ್ಟೆಗಳ ನಡುವೆ ಡಬ್ಬಿ ಇಟ್ಟುಕೊಂಡು ಹೋಗುವಳು. ಮೊದಲನೆಯದನ್ನು ಮರಳಿ ತಂದಾಗ ಅದರಲ್ಲಿ ಒಂದು ಹಿಡಿ ಶೇಂಗಾ ಇತ್ತು. ಅನ್ನ ಬಂದ ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ಈ ಊರಲ್ಲಿ ಯಾರಿಗೂ ಇಲ್ಲ. ಎರಡನೆಯದರಲ್ಲಿ ಬೆಲ್ಲದ ಚೂರು ಇತ್ತು. ಮೂರನೆಯದು ಬರಲಿಲ್ಲ. ಆಮೇಲೆ ಒಯ್ದವೂ ಬರಲಿಲ್ಲ. ಬೇರೆಯವರು ಒಯ್ದವೂ ಹಾಗೇ ಮರಳಿ ಬರುವುದು ನಿಂತಿತು.

"ಅನ್ನ ಒಯ್ಯಲಿ, ಬ್ಯಾಡ ಅನ್ನಂಗಿಲ್ಲ. ಡಬ್ಬಿ ಯಾಕ ನುಂಗಬೇಕು?" ಎಂದಳು ಪ್ರಮೀಳಾ. ಅವಳದು ತವರಿನ ಡಬ್ಬಿ, ತಾಯಿಯ ಹೆಸರು ಇದ್ದದ್ದು.

"ಬರ್ತಾವ, ತಡಿ."

"ಬರಾಕ ಡಬ್ಬಿಗೇನು ಕಾಲು ಅದಾವೇನ್ರೀ ಅಕ್ಕಾರ? ಕಾಲು ಇರೋದು ನಿಮ್ಮ ಕಪಾಟಿಗಷ್ಟ. ಅದನ್ನೂ ಒಂದಿನ ಹೊತಗೊಂಡು ಹೋಗ್ತಾರ ನೋಡ್ರಿ."

ಸುತ್ತ ನಿಂತವರು ನಕ್ಕರು. ದಾಕ್ಷಾಯಣಿಯೂ ನಕ್ಕಳು. ಆದರೆ ನಾನು ಖಾಲಿಯಾದರೆ ಅವಳು ಯಾರಿಗಾಗಿ ಒಲೆ ಹಚ್ಚಬೇಕು? ಓಣಿಯವರು ಕೈ ಬಿಡದಿರಲೆಂದು ಮರುದಿನ ನನ್ನ ಬಾಗಿಲಿಗೆ ಒಂದು ರಟ್ಟು ಕಟ್ಟಿದಳು: 'ಡಬ್ಬಿ ಮರಳಿಸದವರು ಊಟ ಒಯ್ಯಬೇಡಿ.'

ಫಕೀರವ್ವ ತಲೆಯ ಮೇಲೆ ಬಟ್ಟೆಗಂಟು ಹೊತ್ತು ಬಂದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನನ್ನೊಳಗೆ ಅಂದು ಬಿಸಿ ಮುದ್ದಿಪಲ್ಯ ಇತ್ತು, ಜಾಳಿಗೆಯಿಂದ ವಾಸನೆ ಹೊರಗೆ ಹೋಗುತ್ತಿತ್ತು. ಅದನ್ನು ತಡೆಯುವುದು ನನ್ನಿಂದ ಆಗದು. ಅವಳು ಬಾಗಿಲು ಮುಟ್ಟದೆ ಹೋದಳು.

ಒಯ್ಯುವವರು ಬರುವುದು ನಿಂತಿತು, ಇಟ್ಟದ್ದು ಹಳಸುತ್ತದೆಂದು ಇಡುವವರೂ ನಿಲ್ಲಿಸಿದರು. ದಾಕ್ಷಾಯಣಿಯ ಡಬ್ಬಿಯೊಂದೇ ಮುಂಜಾನೆ ಬಂದು ಸಂಜೆ ಗಟಾರಕ್ಕೆ ಖಾಲಿಯಾಗುತ್ತಿತ್ತು. ಬಟ್ಟಲುಗಳಿಗೆ ನೀರು ಹಾಕುವುದನ್ನು ಮಾತ್ರ ಅವಳು ಬಿಡಲಿಲ್ಲ.

ಮಳೆಗಾಲದ ಹೊತ್ತಿಗೆ ಫಕೀರವ್ವನ ಗಂಡ ಸತ್ತ. ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಬುಟ್ಟಿ ಹೊತ್ತು ಬಂದಳು. ಅವಳು ಒಯ್ದಿದ್ದ ಎಲ್ಲ ಡಬ್ಬಿಗಳೂ ಅದರಲ್ಲಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ದಾಕ್ಷಾಯಣಿ ಒಂದನ್ನು ತೆರೆದಳು. ತಳದಲ್ಲಿ ಒಂದು ಚಿಟಿಕೆ ಸಕ್ಕರೆ.

"ಖಾಲಿ ಹೆಂಗ ತರ್ಲಿ ಅಕ್ಕಾರ? ಮನ್ಯಾಗ ಏನೂ ಇರಲಿಲ್ಲ."

"ಈಗ ಸಕ್ಕರಿ ಎಲ್ಲಿಂದ ಬಂತು?"

"ಮಣ್ಣಿಗೆ ಬಂದವ್ರು ಚಾಪುಡಿ, ಸಕ್ಕರಿ ತಂದಿದ್ರು."

ದಾಕ್ಷಾಯಣಿ ರಟ್ಟನ್ನು ಕಿತ್ತಳು. ಒಳಗೆ ಓಡಿ ಬಿಸಿ ಅನ್ನದ ಡಬ್ಬಿ ತಂದು ಮುಂದೆ ಹಿಡಿದಳು. "ಒಯ್ಯಿ ಫಕೀರವ್ವಾ. ಖಾಲಿನ ತಾ, ಇಲ್ಲಾ ತರಬ್ಯಾಡ."

"ಬ್ಯಾಡ್ರಿ. ಅವ್ರ ಸಲುವಾಗಿ ಒಯ್ತಿದ್ದೆ."

ಖಾಲಿ ಬುಟ್ಟಿಯನ್ನು ಬಗಲಿಗಿಟ್ಟುಕೊಂಡು ಅವಳು ಹೋದಳು.

ಸಂಜೆ ಪ್ರಮೀಳಾ ಬಂದು ತವರಿನ ಡಬ್ಬಿ ಗುರುತು ಹಿಡಿದಳು. ತಾಯಿಯ ಹೆಸರನ್ನು ಸೆರಗಿನಿಂದ ಒರೆಸಿದಳು. ದಾಕ್ಷಾಯಣಿ ನಡೆದದ್ದನ್ನೆಲ್ಲ ಹೇಳಿದಳು. ಪ್ರಮೀಳಾ, "ಸತ್ತವ್ರ ಮನಿ ಸಕ್ಕರಿ ಒಳಗ ಒಯ್ಯಬಾರದ್ರಿ," ಎಂದು ಡಬ್ಬಿಯನ್ನು ಬೇವಿನ ಬುಡಕ್ಕೆ ಕೊಡವಿ ಹೋದಳು.

ಮರುದಿನ ದಾಕ್ಷಾಯಣಿ ಬಟ್ಟಲುಗಳಿಗೆ ನೀರು ಹಾಕಲಿಲ್ಲ. ಮತ್ತೆಂದೂ ಹಾಕಲಿಲ್ಲ. ಈಗ ಅವಳು ಮುಂಜಾನೆ ಮಾಡಿದ ಎರಡು ರೊಟ್ಟಿಯಲ್ಲಿ ಒಂದನ್ನು ರಾತ್ರಿಗೆ ಇಟ್ಟುಕೊಳ್ಳುತ್ತಾಳೆ. ಅವಳ ಕೈ ಕೊನೆಗೂ ಒಬ್ಬರ ಅಳತೆ ಕಲಿತಿದೆ.

ನನ್ನ ಜಾಳಿಗೆ ತುಕ್ಕು ಹಿಡಿದಿದೆ. ಬೇವಿನ ಬುಡದ ಸಕ್ಕರೆಗೆ ಬಂದ ಇರುವೆಗಳು ಅದು ಮುಗಿದ ಮೇಲೂ ಹೋಗಲಿಲ್ಲ. ಒಣಗಿದ ಬಟ್ಟಲು ದಾಟಿ ನನ್ನ ಕಾಲು ಹತ್ತುತ್ತವೆ. ಎಲ್ಲ ಖಾನೆಗಳನ್ನೂ ಸುತ್ತಿ ನೋಡುತ್ತವೆ. ನನ್ನ ಬಳಿ ಕೊಡಲು ಏನೂ ಇಲ್ಲ. ಅವು ಖಾಲಿ ಬಾಯಲ್ಲಿ, ಬಂದ ಸಾಲಿನಲ್ಲೇ ಇಳಿದು ಹೋಗುತ್ತವೆ.