ಕತ್ತರಿಯಮ್ಮನ ಏಳು ಸೆಕೆಂಡು

ರೇಡಿಯೋ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು, ಎದುರಿಗೂ ಹಾಗೆಯೇ. ನೇರಪ್ರಸಾರದಲ್ಲಿ ಆಡಿದ ಮಾತು ಊರಿಗೆ ಕೇಳಿಸುವುದು ಏಳು ಸೆಕೆಂಡು ತಡವಾಗಿ. ಆ ಏಳು ಸೆಕೆಂಡು ಅವರ ಸಾಮ್ರಾಜ್ಯ. ಫೋನಿನಲ್ಲಿ ಯಾರಾದರೂ ಹೊಲಸು ಮಾತಾಡಿದರೆ ಅವರ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬೀಳುತ್ತಿತ್ತು. ಆ ಏಳು ಸೆಕೆಂಡಿನ ಮಾತು ಅಳಿಸಿಹೋಗಿ ಊರಿಗೆ ಕೊಳಲು ಕೇಳಿಸುತ್ತಿತ್ತು. “ಊರಿನ ಬೈಗುಳಕ್ಕೆಲ್ಲ ನನ್ನ ಕಿವೀನೇ ಕೊನೇ ಸ್ಟಾಪು” ಎಂದು ಅವರೇ ನಗುತ್ತಿದ್ದರು.

ಶನಿವಾರ ಸಂಜೆಯ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಹೊಸ ನಿರೂಪಕಿಗೆ ಈ ಗುಂಡಿಯೆಂದರೆ ತಾತ್ಸಾರ. ಮಕ್ಕಳು ಫೋನ್ ಮಾಡಿ ತಾವು ಕಲಿತ ಒಂದು ಹೊಸ ಪದ, ಅದರ ಅರ್ಥ ಹೇಳಬೇಕು. ಅವಳು ಅದಕ್ಕೊಂದು ವಾಕ್ಯ ಕಟ್ಟಬೇಕು. ವಾರಕ್ಕೊಬ್ಬನಾದರೂ ತುಂಟ ಕೆಟ್ಟ ಪದ ಉದುರಿಸದೆ ಇರುತ್ತಿರಲಿಲ್ಲ.

“ಬಸ್ಸಲ್ಲಿ, ಗೋಡೆ ಮೇಲೆ, ಮೈದಾನದಲ್ಲಿ ಇದನ್ನೆಲ್ಲ ಕೇಳೇ ಕೇಳ್ತಾರೆ ಮೇಡಂ. ನಾವೊಬ್ರು ಕಿವಿ ಮುಚ್ಚಿ ಏನು ಉಪಯೋಗ?” ಎಂದಿದ್ದಳು ಒಮ್ಮೆ.

“ಕೇಳ್ತಾರೆ, ನಿಜ. ಬೀದೀಲಿ ಕೇಳಿದ್ದು ಬೀದಿ ಮಾತು ಅಂತ ಅವಕ್ಕೂ ಗೊತ್ತು. ನೀನು ‘ನಮಸ್ಕಾರ ಮಕ್ಕಳೇ’ ಅಂದ್ಮೇಲೆ ಅದೇ ಮಾತು ಬಂದ್ರೆ ದೊಡ್ಡೋರು ಒಪ್ಪಿದ ಮಾತಾಗುತ್ತೆ” ಎಂದಿದ್ದರು ಕತ್ತರಿಯಮ್ಮ. ನಿರೂಪಕಿ ತಲೆಯಾಡಿಸಿದಳಾದರೂ ಒಪ್ಪಿರಲಿಲ್ಲ.

ಆ ಶನಿವಾರದ ನಾಲ್ಕನೆಯ ಕರೆ ಎಂಟು ವರ್ಷದ ಹುಡುಗಿಯದು. ಅಜ್ಜಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ, ಅಮ್ಮ ಕೆಲಸಕ್ಕೆ ಹೋಗಿದ್ದಾರೆ ಎಂದೆಲ್ಲ ವರದಿ ಒಪ್ಪಿಸಿ, “ನನ್ನ ಪದ ನಮ್ಮ ಗೇಟ್ ಮೇಲೆ ಬರೆದಿತ್ತು ಆಂಟಿ. ಅಮ್ಮನಿಗೇ ಬರೆದಿದ್ದು. ತುಂಬಾ ಧೈರ್ಯ ಇರೋ ಹೆಂಗಸು ಅಂತ ಅರ್ಥ ಅಂತೆ, ಅಮ್ಮನೇ ಹೇಳಿದ್ರು” ಎಂದಳು. ಆಮೇಲೆ ಪದ ಹೇಳಿದಳು, ಶಾಲೆಯಲ್ಲಿ ಪಾಠ ಓದುವಂತೆ ಬಿಡಿಬಿಡಿಯಾಗಿ, ಹೆಮ್ಮೆಯಿಂದ. ಹೆಣ್ಣೊಬ್ಬಳನ್ನು ನಡುಬೀದಿಯಲ್ಲಿ ನಿಲ್ಲಿಸಿ ಉಗಿಯುವ ಪದ ಅದು.

ಕೊಳಲು ಶುರುವಾಗಿತ್ತು. ಗೇಟಿನ ಸುದ್ದಿಯೂ ಪದವೂ ಸ್ಟುಡಿಯೋದ ಗಾಜಿನ ಈಚೆಗೇ ಉಳಿದವು. ತುಂಟರ ಕರೆ ಬಂದಾಗ ಮಾಡುವಂತೆ ನಿರೂಪಕಿ ಫೋನ್ ಕತ್ತರಿಸಲು ಕೈ ಚಾಚಿದಳು. ಕತ್ತರಿಯಮ್ಮ ಎದ್ದು ಬಂದು ಅವಳ ಮಣಿಕಟ್ಟು ಹಿಡಿದರು.

“ತಮಾಷೆಗೆ ಹೇಳೋ ಮಕ್ಕಳ ಹಿಂದೆ ಯಾರಾದ್ರೂ ಕಿಸಕ್ ಅಂತಿರ್ತಾರೆ. ಇವಳ ಹಿಂದೆ ಗಡಿಯಾರ ಬಿಟ್ರೆ ಏನೂ ಕೇಳ್ತಿಲ್ಲ. ಇವಳಿಗೆ ಗೊತ್ತಿಲ್ಲ ಕಣೆ.”

ಅವರೇ ಫೋನ್ ತೆಗೆದುಕೊಂಡರು. “ಪುಟ್ಟೀ, ನಾನು ಇಲ್ಲಿ ಮಷಿನ್ ನೋಡ್ಕೊಳ್ಳೋ ಅಜ್ಜಿ. ನಿನ್ನ ಪದ ರೇಡಿಯೋದಲ್ಲಿ ಬರಲಿಲ್ಲ. ನಾನೇ ತಡೆದೆ.”

“ತಪ್ಪಾಗಿ ಹೇಳಿದ್ನಾ?”

“ಚೆನ್ನಾಗೇ ಹೇಳ್ದೆ. ಪದಾನೇ ಚೆನ್ನಾಗಿಲ್ಲ. ಯಾರನ್ನಾದ್ರೂ ನೋಯಿಸೋಕೆ ಅಂತಲೇ ಇಟ್ಕೊಂಡಿರೋ ಪದ ಅದು.”

“ಹಾಗಾದ್ರೆ ಅಮ್ಮ ಸುಳ್ಳು ಹೇಳಿದ್ರಾ?”

ಕತ್ತರಿಯಮ್ಮ ಅವಸರ ಮಾಡಲಿಲ್ಲ.

“ಆ ಪದಕ್ಕೆ ಆ ಅರ್ಥ ಇಲ್ಲ. ನಿನಗೆ ನೋವಾಗ್ಬಾರ್ದು ಅಂತ ಅಮ್ಮ ಅಡ್ಡ ನಿಂತ್ಕೊಂಡ್ರು. ಅಮ್ಮನಿಗೆ ಏನು ಕೆಲಸ?”

“ನೀರಿನ ಮೀಟರ್ ಓದ್ತಾರೆ. ದೊಡ್ಡ ಮನೆಯೋರು ಕದ್ದು ಹಾಕಿದ್ದ ಪೈಪು ಹಿಡಿದ್ರು. ಈಗ ನಮ್ಮ ಬೀದೀಗೆ ದಿನಾ ನೀರು ಬರುತ್ತೆ.”

“ನೋಡು, ಧೈರ್ಯದ ಮಾತು ನಿಜಾನೇ ಆಯ್ತಲ್ಲ. ಬರೆದೋರಿಗೆ ಅಷ್ಟು ಧೈರ್ಯ ಇರ್ಲಿಲ್ಲ, ಹೆಸರು ಹಾಕದೆ ಓಡಿದ್ರು.”

“ಸರಿಯಾದ ಅರ್ಥ ಏನು ಹಾಗಾದ್ರೆ?”

“ಅಮ್ಮನ್ನೇ ಕೇಳು. ರೇಡಿಯೋ ಅಜ್ಜಿ ಹೇಳಿದ್ದೂ ಹೇಳು. ಈಗ ಬೇರೆ ಪದ ಇದ್ಯಾ?”

ಹುಡುಗಿ ಒಂದು ಗಳಿಗೆ ಯೋಚಿಸಿದಳು. “‘ಒಳಹರಿವು’ ಇದೆ. ಟ್ಯಾಂಕಿನೊಳಗೆ ಬರೋ ನೀರು.”

ಕೊಳಲು ನಿಂತಿತು. ಊರು ‘ಒಳಹರಿವು’ ಕೇಳಿಸಿಕೊಂಡಿತು, ನಿರೂಪಕಿಯ ವಾಕ್ಯವನ್ನೂ ಕೇಳಿಸಿಕೊಂಡಿತು.

ಕಾರ್ಯಕ್ರಮ ಮುಗಿದ ಮೇಲೆ, ಕರೆ ಮಾಡಿದವರ ವಿವರ ಬರೆದಿಡುವ ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಇಬ್ಬರೂ ಹೊರಟರು. ಹೋಗಲೇಬೇಕೆಂದು ಹಟ ಹಿಡಿದವಳು ನಿರೂಪಕಿ. ಸಣ್ಣ ಮನೆ, ಕಬ್ಬಿಣದ ಗೇಟು. ತಂತಿಬ್ರಶ್ಶಿನಿಂದ ಉಜ್ಜಿ ಉಜ್ಜಿ ಹಸಿರು ಬಣ್ಣವೆಲ್ಲ ಎದ್ದಿತ್ತು. ಆದರೂ ಅಕ್ಷರಗಳು ಮೊಂಡು ಹಿಡಿದು ಕಾಣುತ್ತಿದ್ದವು. ಮೀಟರ್ ಓದುವಾಕೆ ಸಮವಸ್ತ್ರದ ಸೀರೆಯಲ್ಲೇ ಅಲ್ಲಿ ನಿಂತಿದ್ದಳು. ಆಫೀಸಿನ ರೇಡಿಯೋದಲ್ಲಿ ಮಗಳ ದನಿ ಕೇಳಿ, ನಡುವೆ ಕೊಳಲು ಬಂದಾಗಲೇ ಕೆಲಸ ಬಿಟ್ಟು ಓಡಿಬಂದಿದ್ದಳು.

ಇಬ್ಬರೂ ತಾವು ಯಾರೆಂದು ಹೇಳುತ್ತಲೇ, “ಹೊರಗೆ ಹೋಯ್ತಾ ಆ ಮಾತು?” ಎಂದಳು.

“ಒಂದಕ್ಷರವೂ ಹೋಗಿಲ್ಲಮ್ಮ.”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ಅಳಿಸೋ ಮುಂಚೆ ಮಗಳು ಓದಿಬಿಟ್ಳು. ಏನು ಹೇಳ್ಬೇಕೋ ತೋಚ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ತಪ್ಪಲ್ವಾ?”

“ಮೊದಲನೇ ದಿನ ನಾನಾದ್ರೂ ಹಾಗೇ ಹೇಳ್ತಿದ್ದೆ,” ಎಂದರು ಕತ್ತರಿಯಮ್ಮ ಪಕ್ಕದಲ್ಲಿ ಕೂರುತ್ತ. “ಎರಡನೇ ದಿನ ನಿಜ ಹೇಳ್ಬೇಕು. ಇಲ್ದಿದ್ರೆ ಬೇರೆ ಯಾರೋ ನಕ್ಕು ಹೇಳ್ತಾರೆ. ನನ್ನ ಗುಂಡಿ ಏಳು ಸೆಕೆಂಡು ತಡೆಯುತ್ತೆ, ಅಷ್ಟೇ. ಆಮೇಲಿಂದು ಮನೆಯೋರ ಕೆಲಸ.”

ಇಷ್ಟು ದಿನ ನಿರೂಪಕಿ ಕತ್ತರಿಯಮ್ಮನನ್ನು ಕಿವಿ ಮುಚ್ಚುವವರೆಂದು ತಿಳಿದಿದ್ದಳು. ಇವರಷ್ಟು ಕಿವಿಗೊಟ್ಟು ಕೇಳುವವರನ್ನು ತಾನು ಕಂಡೇ ಇಲ್ಲ ಎನ್ನಿಸಿತು. ಮೂಲೆಯಂಗಡಿಗೆ ಹೋಗಿ ಹಸಿರು ಬಣ್ಣದ ಡಬ್ಬಿ, ಎರಡು ಬ್ರಶ್ಶು ತಂದಳು.

ಬಣ್ಣ ಬಳಿಯುವುದನ್ನು ಕಂಡು ಎದುರು ಮನೆಯ ದರ್ಜಿ ಬಂದ, ಪಕ್ಕದ ಮನೆಯ ನರ್ಸಮ್ಮ ಬಂದಳು. ದರ್ಜಿ ಮೇಲಿನ ಅಂಚು ತಾನು ಬಳಿಯುತ್ತೇನೆಂದ.

ಹುಡುಗಿ ಒಳಗಿಂದ ಬಂದು ಅಮ್ಮನ ಸೆರಗು ಹಿಡಿದು ನಿಂತಳು. “ಅಮ್ಮಾ, ಸರಿಯಾದ ಅರ್ಥ ನೀನೇ ಹೇಳ್ತೀಯಂತೆ.”

ತಾಯಿ ಬ್ರಶ್ಶನ್ನು ಡಬ್ಬಿಯ ಅಂಚಿಗೊರಸಿ ಕೆಳಗಿಟ್ಟಳು. ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕಿಟಕಿಯ ಬಳಿ ಅವಳೆದುರು ಕೂತು, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.