ಬಿಸಿಲು ಕದಿಯುವ ಹಲಗೆ

ಆಸ್ಪತ್ರೆಗೆ ಒಗೆದು ಕೊಟ್ಟ ಬಟ್ಟೆಯ ಗಂಟು ಮತ್ತೆ ವಾಪಸ್ ಬಂದಿತ್ತು. ಒಗೆದಾಗ ಬೆಳ್ಳಗಿದ್ದ ಹಾಸುಬಟ್ಟೆಗಳು ಒಣಗುವಷ್ಟರಲ್ಲಿ ಬೂದಿ ಬಿದ್ದು ಚುಕ್ಕೆ ಚುಕ್ಕೆಯಾಗಿದ್ದವು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಕಡ್ಡಿ ತುಂಡು ಮಾಡಿದಂತೆ ಹೇಳಿ ಕಳಿಸಿದ್ದರು. ಅತ್ತೆ ಸೊಸೆ ಇಬ್ಬರೂ ದುಡಿಯುವ ಆ ಮನೆಗೆ ಬಟ್ಟೆ ಒಗೆಯುವುದೇ ಅನ್ನ.

ಬೂದಿ ಎಲ್ಲಿಂದ ಬರುತ್ತಿದೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಮಹಡಿ ಹತ್ತಿದರೆ ವಿದ್ಯುತ್ ಸ್ಥಾವರದ ಚಿಮಣಿ ಕಣ್ಣಿಗೆ ರಾಚುತ್ತಿತ್ತು. ಈಗ ಅದರ ಪಕ್ಕದಲ್ಲೇ ಇನ್ನೊಂದನ್ನು ಎಬ್ಬಿಸುತ್ತಾರಂತೆ. ಜನರ ಅಭಿಪ್ರಾಯ ಕೇಳಲು ಅಂದು ಸಂಜೆ ಶಾಲೆಯ ಅಂಗಳದಲ್ಲಿ ಸಭೆ ಕರೆದಿದ್ದರು.

"ಎರಡನೇದೂ ಬಂದ್ರೆ ನಾವು ಒಗೆಯೋದು ಬಿಟ್ಟು ಬೂದಿ ಮಾರ್ಬೇಕು," ಎಂದಳು ಸೊಸೆ. "ಇವತ್ತು ಸಭೇಲಿ ಬೇಡ ಅಂತ ಹೇಳೇ ಹೇಳ್ತೀನಿ."

"ಬಾಯಿ ಮುಚ್ಕೊಂಡಿರೇ," ಅತ್ತೆ ಗದರಿದರು. "ಚಿಮಣಿ ಇಲ್ದಿದ್ರೆ ನಮ್ಮ ಒಗೆಯೋ ಮಿಷನ್ ತಿರುಗತ್ತಾ? ಇಸ್ತ್ರಿ ಪೆಟ್ಟಿಗೆ ಕಾಯತ್ತಾ?"

ಅಷ್ಟರಲ್ಲಿ ಮೀಟರ್ ಅಕ್ಕ ಬಂದಳು. ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ನೋಡುವವಳು, ಸೊಸೆಯ ಗೆಳತಿ. ಮಹಡಿಗೆ ಸೌರ ಫಲಕ ಹಾಕಿಸಿ ಎಂದು ಬಹಳ ದಿನದಿಂದ ದುಂಬಾಲು ಬಿದ್ದಿದ್ದಳು. ಅತ್ತೆ ಒಪ್ಪಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ನಗಬೇಡಿ.

"ಆ ಹಲಗೆ ಬಿಸಿಲನ್ನೆಲ್ಲಾ ಹೀರ್ಕೊಂಡ್ರೆ ನನ್ನ ಬಟ್ಟೆ ಒಣಗೋದು ಹೇಗೆ?"

ಮೀಟರ್ ಅಕ್ಕ ಮಾತ್ರ ನಕ್ಕೇಬಿಟ್ಟಳು. "ಅಮ್ಮಾ, ಅದು ತನ್ನ ಮೇಲೆ ಬಿದ್ದ ಬಿಸಿಲನ್ನಷ್ಟೇ ತಗೊಳ್ಳತ್ತೆ. ನೀವು ಕೊಡೆ ಹಿಡಿದ್ರೆ ಪಕ್ಕದ ಮನೆಯೋರಿಗೆ ಬಿಸಿಲು ಕಮ್ಮಿ ಆಗತ್ತಾ?"

"ಅದರ ಅಡಿಗೆ ನೆರಳಾಗತ್ತಲ್ಲ!"

"ಆಗ್ಲಿ ಬಿಡಿ. ಬಣ್ಣ ಹೋಗೋ ಬಟ್ಟೇನ ನೀವು ನೆರಳಲ್ಲೇ ತಾನೇ ಹಾಕೋದು? ಎತ್ತರಕ್ಕೆ ಕಂಬ ಕೊಟ್ಟು ಹಲಗೆ ಕೂರಿಸೋಣ. ಕೆಳಗೆ ಹಗ್ಗ ಕಟ್ಟಿ, ಗಾಳಿಗೆ ಒಣಗತ್ತೆ. ಬೂದಿ ಬಹುಪಾಲು ಹಲಗೆ ಮೇಲೇ ಕೂರತ್ತೆ. ತೊಳೆಯೋದನ್ನ ನಿಮಗೆ ಬೇರೆಯವರು ಹೇಳ್ಕೊಡ್ಬೇಕಾ?"

ಅತ್ತೆ ಅಷ್ಟಕ್ಕೇ ಸೋಲುವವರಲ್ಲ. "ಏನೇ ಹೇಳು, ಚಿಮಣಿ ಕರೆಂಟಿನ ತಾಕತ್ತು ಬಿಸಿಲಿಗೆ ಎಲ್ಲಿಂದ ಬರ್ಬೇಕು?"

"ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಯಾಕೆ ಬಿಟ್ರಿ ಹೇಳಿ."

"ಕಿಡಿ ಹಾರಿ ಬಟ್ಟೆ ತೂತಾಗ್ತಿತ್ತು. ಹೊಗೆಗೆ ಉಸಿರು ಕಟ್ತಿತ್ತು. ಸದ್ಯ, ಪೀಡೆ ತೊಲಗ್ತು."

"ಎಲ್ಲಿ ತೊಲಗ್ತು? ನಿಮ್ಮ ಕೈ ಬಿಟ್ಟು ಹೋಗಿ ಚಿಮಣಿ ಬುಡದಲ್ಲಿ ಕೂತಿದೆ. ಅಲ್ಲಿ ಕಲ್ಲಿದ್ದಲು ಸುಟ್ಟು ನೀರು ಕುದಿಸ್ತಾರೆ. ಆ ಹಬೆ ಚಕ್ರ ತಿರುಗಿಸತ್ತೆ, ಚಕ್ರ ಜನರೇಟರನ್ನ ತಿರುಗಿಸತ್ತೆ, ಕರೆಂಟು ಬರತ್ತೆ. ಅಂಥದೇ ಚಕ್ರ ಅಣೆಕಟ್ಟಿನ ನೀರು ಬಿದ್ರೂ ತಿರುಗತ್ತೆ, ಗಾಳಿ ಬೀಸಿದ್ರೂ ತಿರುಗತ್ತೆ. ಸೌರ ಫಲಕಕ್ಕಂತೂ ಚಕ್ರಾನೇ ಬೇಡ, ಬೆಳಕು ಬಿದ್ರೆ ಸಾಕು. ಕಲ್ಲಿದ್ದಲು, ಎಣ್ಣೆ, ಗ್ಯಾಸು ನೆಲದೊಳಗೆ ಕೋಟ್ಯಂತರ ವರ್ಷ ಕೂತು ಆಗಿದ್ದು. ಸುಟ್ರೆ ಮುಗೀತು. ಬಿಸಿಲು ನಾಳೇನೂ ಬರತ್ತೆ."

"ರಾತ್ರಿಗೆ ಏನೇ ಮಾಡ್ತೀಯಾ?"

"ಬ್ಯಾಟರಿ ಇದೆ. ಗಾಳಿದು, ನೀರಿಂದು ಕರೆಂಟು ಲೈನಲ್ಲಿ ಬರತ್ತೆ. ಇನ್ನೂ ಸ್ವಲ್ಪ ಕಾಲ ಹಳೇ ಚಿಮಣಿದೂ ಬೇಕು, ಸುಳ್ಳು ಹೇಳಲ್ಲ. ಆದ್ರೆ ಇನ್ನೊಂದು ಹೊಸದು ಯಾಕೆ?"

ಅತ್ತೆ ವಾಪಸ್ ಬಂದ ಗಂಟನ್ನು ಬಿಚ್ಚಿ ಹಾಸುಬಟ್ಟೆಯ ಚುಕ್ಕೆಯನ್ನು ಬೆರಳಿನಿಂದ ಉಜ್ಜಿದರು. ಬೂದಿ ಬೆರಳಿಗೆ ಮೆತ್ತಿತು, ಸಿಟ್ಟು ಬಂತು.

ಸಂಜೆ ಸಭೆಯಲ್ಲಿ ಸ್ಥಾವರದ ಅಧಿಕಾರಿ ಮೈಕು ಹಿಡಿದು, "ಚಿಮಣಿ ಬೇಡ ಅನ್ನೋರು ಮನೇಲಿ ದೀಪ ಆರಿಸ್ಕೊಂಡು ಕೂತ್ಕೊಳ್ಳಿ!" ಎಂದು ಗೇಲಿ ಮಾಡಿದ. ಜನ ನಕ್ಕರು. ಸೊಸೆ ಏಳಲು ಹೊರಟಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿ ತಾವೇ ಎದ್ದರು.

"ದೀಪ ಯಾಕ್ರೀ ಆರಿಸ್ಬೇಕು? ಕರೆಂಟು ಬೇಕು, ಬೂದಿ ಬೇಡ. ಬಿಸಿಲು, ಗಾಳಿ ಕಣ್ಣೆದುರಿಗೇ ಇರುವಾಗ ಇನ್ನೂ ಸುಡೋದು ಯಾಕೆ? ಉತ್ತರ ಹೇಳಿ, ಆಮೇಲೆ ಇಟ್ಟಿಗೆ ಇಡಿ."

"ಅದೆಲ್ಲಾ ಆಮೇಲೆ ಮಾತಾಡೋಣ. ಮೊದಲು ಕೂತ್ಕೊಳ್ಳಿ ಅಮ್ಮಾ."

"ಕೂರಲ್ಲ."

ಸೊಸೆಯೂ ಎದ್ದಳು. ಹಿಂದಿನಿಂದ ಕ್ಷೌರಿಕ ಎದ್ದ, ಆಸ್ಪತ್ರೆಯ ನರ್ಸ್ ಎದ್ದಳು. ನೋಡನೋಡುತ್ತಲೇ ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ಬಿಸಿಲು, ಗಾಳಿಯಿಂದ ಎಷ್ಟು ಕರೆಂಟು ಸಿಗುತ್ತದೆ ಎಂಬ ಲೆಕ್ಕ ತಂದು ಜನರ ಮುಂದಿಡುವವರೆಗೂ ಕೆಲಸ ಶುರು ಮಾಡುವುದಿಲ್ಲ ಎಂದು ಅಧಿಕಾರಿ ಮೈಕಿನಲ್ಲೇ ಒಪ್ಪಿಕೊಳ್ಳಬೇಕಾಯಿತು.

"ನಾಳೆ ಬೆಳಿಗ್ಗೇನೇ ಹಲಗೆ ಹಾಕೋರನ್ನ ಕರ್ಕೊಂಡು ಬಾ," ಎಂದು ಅತ್ತೆ ಸಭೆಗೆ ಬಂದಿದ್ದ ಮೀಟರ್ ಅಕ್ಕನಿಗೆ ಅಲ್ಲೇ ಅಪ್ಪಣೆ ಕೊಟ್ಟರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಸ್ವಿಚ್ಚು ಒತ್ತಿದಾಗ ಎಲ್ಲಿ ಏನು ಉರಿಯುತ್ತದೆ, ಅದರ ಹೊಗೆ ಯಾರ ಎದೆಗೆ ಹೋಗುತ್ತದೆ ಎಂದು ವಿಚಾರಿಸಿ. ನಿಮ್ಮ ಛಾವಣಿಯ ಮೇಲೆ ಸುಮ್ಮನೆ ಬಿದ್ದು ಹೋಗುವ ಬಿಸಿಲನ್ನು ಬಳಸಿ. ಸಭೆ ಕರೆದರೆ ತಪ್ಪದೆ ಹೋಗಿ, ಎದ್ದು ಕೇಳಿ. ಕೂತ್ಕೊಳ್ಳಿ ಅಂತ ಹೇಳೇ ಹೇಳುತ್ತಾರೆ. ಉತ್ತರ ಸಿಗುವವರೆಗೂ ಕೂರಬೇಡಿ.